ಒಂದೂವರೆ ಗೇಣು

ಓಬಮ್ಮ ನೆಲದಿಂದ ಹೇಗೆ ಏಳುತ್ತಾಳೆ ಎಂಬುದನ್ನು ನಾನು ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲು ಎಡಗೈ ಮಂಡಿಯ ಮೇಲೆ. ಆಮೇಲೆ ಬಲಗೈ ನೆಲಕ್ಕೆ. ಹಾಗೆಯೇ ತೆವಳಿಕೊಂಡು ಹೋಗಿ ಅಟ್ಟದ ಕಂಬ ಹಿಡಿಯುವಳು. ಕೊನೆಗೆ ಕಂಬವನ್ನು ತಬ್ಬಿಕೊಂಡು ಮೇಲಕ್ಕೆ. ಆ ಕಂಬಕ್ಕೆ ಸೊಂಟದೆತ್ತರದಲ್ಲಿ ಎಣ್ಣೆ ಉಜ್ಜಿದಂಥ ಹೊಳಪಿತ್ತು. ಅಲ್ಲಿ ವರ್ಷಗಟ್ಟಲೆ ಕೊಬ್ಬರಿ ಒಡೆದ ಹೆಂಗಸರೆಲ್ಲ ಸಂಜೆ ಹೊತ್ತು ಹಿಡಿದು ಎದ್ದ ಗುರುತು ಅದು.

"ಏನವ್ವ ಅಷ್ಟೊಂದು ಬರ್ಕಂತೀಯಾ?" ಎಂದಳು ಓಬಮ್ಮ. "ಎದ್ದೆ ತಾನೆ? ಎದ್ದಳು ಅಂತ ಬರ್ಕೊ, ಸಾಕು."

ಅದು 1982ರ ಫೆಬ್ರವರಿ. ನನಗೆ ಇಪ್ಪತ್ತಮೂರು ವರ್ಷ. ಉತ್ತರದ ಕಡೆಯ ಒಂದು ಕಾಲೇಜಿನಲ್ಲಿ ವಸ್ತು ವಿನ್ಯಾಸ ಓದುತ್ತಿದ್ದೆ. ಮಾಯಸಂದ್ರದ ನಮ್ಮ ಮನೆಯಲ್ಲಿ ಅದೇನು ಓದು ಎಂದು ಕೇಳಿದವರಿಗೆ ಮೇಷ್ಟರಾಗಿದ್ದ ನಮ್ಮಪ್ಪ, ಕುರ್ಚಿ ಮೇಜು ಮಾಡುವುದಕ್ಕೂ ಈಗ ಕಾಲೇಜು ಬಂದಿದೆ ಎಂದು ಹೇಳಿ ನಗುತ್ತಿದ್ದರು. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೂ ಒಂದು ಕೆಲಸವನ್ನು ಹತ್ತಿರದಿಂದ ನೋಡಿ, ಆ ಕೆಲಸಕ್ಕೆ ಬೇಕಾದ ವಸ್ತುವೊಂದನ್ನು ಸುತ್ತಮುತ್ತ ಸಿಗುವ ಸಾಮಾನಿನಿಂದಲೇ ಮಾಡಿ, ಅಲ್ಲೇ ಬಳಸಿ ನೋಡಬೇಕಿತ್ತು. ಜೊತೆಗೆ ಆ ಜಾಗದ ಯಜಮಾನನಿಂದ ಒಪ್ಪಿಗೆ ಪತ್ರ ತರಬೇಕಿತ್ತು. ಪತ್ರವಿಲ್ಲದೆ ಪದವಿ ಇಲ್ಲ.

ಅಪ್ಪನಿಗೆ ಪರಿಚಯವಿದ್ದ ಏಕಾಂತಯ್ಯನವರ ಕೊಬ್ಬರಿ ಮನೆಗೆ ನಾನು ಹೀಗೆ ಬಂದದ್ದು. ಅರಳಗುಪ್ಪೆ ದಾಟಿ ಎರಡು ಮೈಲಿ. ನಾನು ಬಂದ ದಿನ ಏಕಾಂತಯ್ಯನವರೇ ಕೊಡೆ ಹಿಡಿದು ಬಸ್ಸಿನ ಹತ್ತಿರ ನಿಂತಿದ್ದರು. ನನ್ನ ಟ್ರಂಕನ್ನು ತಾವೇ ಗಾಡಿಗೆ ಎತ್ತಿಟ್ಟರು. ನಾನು ಇಳಿದುಕೊಂಡದ್ದೂ ಅವರ ಮನೆಯಲ್ಲೇ. ಅರವತ್ತರ ಹತ್ತಿರದ ಕುಳ್ಳು ಮನುಷ್ಯ, ಮೆಲುಮಾತು. ಅವರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ.

ಕೊಬ್ಬರಿ ಮನೆಯೆಂದರೆ ಮೇಲೆ ಅಟ್ಟ, ಕೆಳಗೆ ಕೆಲಸದ ಜಾಗ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತಿ, ಕಾಯಿ ಒಣಗಿ ಕರಟದಿಂದ ಬಿಟ್ಟುಕೊಂಡು ಚೆಂಡಿನ ಹಾಗೆ ಒಳಗೇ ಉರುಳಾಡುತ್ತದೆ. ಆಗ ಇಳಿಸಿ, ಗಂಡಸರು ಸಿಪ್ಪೆ ಸುಲಿದು ಕೊಡುತ್ತಾರೆ. ಕರಟ ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವುದು ಹೆಂಗಸರ ಕೆಲಸ. ಉಂಡೆಗೆ ಏಟು ಬಿದ್ದು ಹೋಳಾದರೆ ಅದು ಎಣ್ಣೆಗೆ ಹೋಗುತ್ತದೆ, ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಮರ್ಯಾದೆಯಿಲ್ಲ. ಆರು ಜನ ಹೆಂಗಸರು ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮುಂದಿನ ಕಲ್ಲಿನ ಮೇಲೆ ಕಾಯಿ ಇಟ್ಟು, ಕತ್ತಿಯ ಬೆನ್ನಿನಿಂದ ತಟ್ಟುತ್ತಿದ್ದರು. ಆರರಲ್ಲಿ ಓಬಮ್ಮನೇ ಹಿರಿಯಳು. ಅವಳ ಪಕ್ಕ ಕೂರುತ್ತಿದ್ದವಳು ಭೂತಮ್ಮ. ಅವಳಿಗೆ ನನ್ನಷ್ಟೇ ವಯಸ್ಸು, ಬಾಯಿ ಮಾತ್ರ ನನ್ನ ಮೂರರಷ್ಟು.

ನಾನು ಟೇಪು ಹಿಡಿದು ಅವರ ಮಂಡಿ, ಮೊಣಕೈ, ಬೆನ್ನು ಅಳೆಯಲು ಹೋದಾಗ ಅವರಿಗೆ ಒಂದು ವಾರ ನಗುವುದಕ್ಕೆ ವಸ್ತು ಸಿಕ್ಕಿತು.

"ನಂಗೆ ರವಿಕೆ ಹೊಲಿಸ್ತಾಳೆ ಕಣೇ," ಎಂದಳು ಭೂತಮ್ಮ.

"ನಿಂಗೆ ರವಿಕೆ, ನಂಗೆ ಚಟ್ಟ ಇರ್ಬೇಕು. ಉದ್ದ ಅಳದ್ಲು," ಎಂದಳು ಓಬಮ್ಮ.

ನಾನು ಮೊದಲು ಮಾಡಿದ್ದು ಒಂದು ಎತ್ತರದ ಮಣೆ, ಅದರ ಮುಂದೆ ಮಂಡಿಯ ಮಟ್ಟಕ್ಕೆ ಒಂದು ಕೊರಡು. ಕಾಯಿ ಜಾರಬಾರದೆಂದು ಕೊರಡಿನ ಮೇಲೆ ತೆಂಗಿನ ನಾರಿನ ಸಿಂಬೆಯೊಂದನ್ನು ಹೊಸೆದು ಕೂರಿಸಿದೆ. ಕೊಡ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುವಂಥದ್ದೇ ಸಿಂಬೆ. ನೋಡಲು ಬಹಳ ಚೆನ್ನಾಗಿತ್ತು. ಓಬಮ್ಮ ಕೂತಳು, ಹತ್ತು ಕಾಯಿ ಒಡೆದಳು, ಎದ್ದಳು. ಕಂಬ ಹಿಡಿಯಲಿಲ್ಲ. ಚೆನ್ನಾಗೈತೆ ಕಣವ್ವ ಎಂದಳು. ಆರೂ ಜನ ಸರದಿಯಲ್ಲಿ ಕೂತು ಚೆನ್ನಾಗೈತೆ ಎಂದರು. ನಾನು ಅಂದೇ ಕಾಲೇಜಿಗೆ ಪತ್ರ ಬರೆದೆ, ಯಶಸ್ವಿಯಾಗಿದೆ ಎಂದು.

ಹದಿನೈದು ದಿನವಾದ ಮೇಲೆ ಏಕಾಂತಯ್ಯನವರ ಹೆಂಡತಿ ಹೊಂಬಾಳಮ್ಮ ನನಗೆ ಮಜ್ಜಿಗೆ ಕೊಡುತ್ತಾ, ಸುಮ್ಮನೆ ಮಾತಿಗೆಂಬಂತೆ, ಹೆಂಗಸರು ಈಚೆಗೆ ಮಡಿಲು ತುಂಬಿಕೊಂಡು ಹೋಗುತ್ತಾರಲ್ಲ, ನೀನು ನೋಡಿಲ್ಲವೇ ಎಂದು ಕೇಳಿದರು. ಸಂಜೆ ಹೋಗಿ ನೋಡಿದೆ. ಭೂತಮ್ಮನ ಮಡಿಲಲ್ಲಿ ಕೊಬ್ಬರಿಯ ಹೋಳುಗಳು. ನನ್ನ ಮಣೆಯ ಮೇಲೆ ಕೂತಾಗಲೆಲ್ಲ ಉಂಡೆ ಒಡೆದುಹೋಗುತ್ತಿತ್ತು. ಹೋಳಿನ ರಾಶಿ ಹೆಚ್ಚಾದರೆ ಯಜಮಾನರು ನನ್ನನ್ನು ಬೈಯುತ್ತಾರೆಂದು ಅವರು ಅದನ್ನು ಮಡಿಲಿಗೆ ಹಾಕಿಕೊಂಡು ಹೊರಗೆ ಸಾಗಿಸುತ್ತಿದ್ದರು. ಸಿಕ್ಕಿಬಿದ್ದಿದ್ದರೆ ಕಳ್ಳಿಯರು ಅನ್ನಿಸಿಕೊಳ್ಳುತ್ತಿದ್ದರು. ಬೇರೆ ಊರಿನಿಂದ ಓದಲು ಬಂದ ಹುಡುಗಿಗೆ ಬೇಜಾರಾಗದಿರಲಿ ಎಂದು ಅಷ್ಟು ದೊಡ್ಡ ಅಪಾಯವನ್ನು ಆರು ಜನರೂ ಮೈಮೇಲೆ ಹಾಕಿಕೊಂಡಿದ್ದರು.

ನಾನು ಅತ್ತೆ. ಓಬಮ್ಮ ಬೈದಳು. ಅಳುವುದಾದರೆ ಮನೆಗೆ ಹೋಗು, ಇಲ್ಲಾ ಎಲ್ಲಿ ತಪ್ಪಾಗಿದೆ ಕೇಳು ಎಂದಳು. ಕೇಳಿದೆ.

"ಕಾಯಿ ಮಾತಾಡ್ತದೆ ಕಣವ್ವ. ಕಲ್ಲಿನ ಮೇಲಿಟ್ಟು ತಟ್ಟಿದ್ರೆ ಎಲ್ಲಿ ಬಿಟ್ಕಂಡೈತೆ, ಎಲ್ಲಿ ಹಿಡ್ಕಂಡೈತೆ ಹೇಳ್ತದೆ. ನಿನ್ನ ಸಿಂಬೆ ಮೇಲಿಟ್ರೆ ಮೂಗಿ ಆಯ್ತದೆ. ಎಲ್ಲಿ ಹೊಡೀಲಿ ನಾನು?"

ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಕೂತಿದ್ದರೂ ನಾನು ಕಣ್ಣಿನಿಂದ ಮಾತ್ರ ನೋಡಿದ್ದೆ. ಆ ಕೆಲಸದ ಅರ್ಧ ಕಿವಿಯಲ್ಲಿತ್ತು.

ಎರಡನೆಯ ಮಣೆಯನ್ನು ನಾನೊಬ್ಬಳೇ ಮಾಡಲಿಲ್ಲ. ಕೊರಡು ಗಟ್ಟಿಯಾಗಿರಬೇಕು, ಏಟಿಗೆ ಖಣ್ ಎನ್ನಬೇಕು ಎಂದಳು ಓಬಮ್ಮ. ಬಾವಿಯ ಬದುವಿನ ಮೇಲೆ ಹಳೆಯ ತೆಂಗಿನ ಮರವೊಂದು ಬಿದ್ದು ವರ್ಷವಾಗಿತ್ತು. ಏಕಾಂತಯ್ಯನವರು ಎಲ್ಲರ ಎದುರೇ, ಅದು ದಾರಿಗೆ ಅಡ್ಡ, ಯಾರು ಎಳೆದುಕೊಂಡು ಹೋಗುತ್ತಾರೋ ಅವರದ್ದು ಎಂದಿದ್ದರು. ಒಂದು ಭಾನುವಾರ ಆರು ಜನ ಹೆಂಗಸರು ಹಗ್ಗ ಕಟ್ಟಿ ಅದನ್ನು ಎಳೆದು ತಂದರು. ಊರಿನ ಬಡಗಿ ಬೆಟ್ಟಸ್ವಾಮಿ ನೋಡಿ ಮುಖ ಸಿಂಡರಿಸಿದ. ತೆಂಗಿನ ಮರ ಒಳಗೆ ಮೆತ್ತಗೆ, ಹೊರಗೆ ಕಬ್ಬಿಣ. ಗರಗಸದ ಹಲ್ಲು ತಿಂದುಹಾಕುತ್ತದೆ. ಯಾವ ಬಡಗಿಯೂ ಮುಟ್ಟುವುದಿಲ್ಲ. ಆದರೂ ಕುಯ್ದ. ದಿನಕ್ಕೆರಡು ಸಲ ಗರಗಸ ಅರದಿಂದ ಉಜ್ಜಿಕೊಳ್ಳುತ್ತಾ, ದಿನಕ್ಕೆ ಹತ್ತು ಸಲ ನನ್ನ ಕಾಲೇಜನ್ನು ಬೈಯುತ್ತಾ ಕುಯ್ದ. ಹೊರಮೈಯ ಗಟ್ಟಿ ಮರದಿಂದ ಕಾಲು ಮತ್ತು ಕೊರಡು. ಕೂರುವ ಜಾಗಕ್ಕೆ ಓಬಮ್ಮ ಹೊಸೆದ ನಾರಿನ ಹಗ್ಗದ ಹೆಣಿಗೆ. ಒಂದೇ ಒಂದು ಮೊಳೆಯಿಲ್ಲ. ಎತ್ತರವನ್ನು ಟೇಪು ಹೇಳಲಿಲ್ಲ. ಓಬಮ್ಮ ಇಟ್ಟಿಗೆಗಳ ಮೇಲೆ ಹಲಗೆ ಇಟ್ಟುಕೊಂಡು, ಕೂತು, ಎದ್ದು, ತೆಗೆಸಿ, ಸೇರಿಸಿ, ನಾಲ್ಕು ದಿನ ನೋಡಿ ಹೇಳಿದಳು. ಒಂದೂವರೆ ಗೇಣು. ಅದಕ್ಕಿಂತ ಎತ್ತರವಾದರೆ ಕೈ ಸೋಲುತ್ತದೆ, ತಗ್ಗಾದರೆ ಬೆನ್ನು ಸೋಲುತ್ತದೆ.

ಏಪ್ರಿಲ್ ಕೊನೆಯ ಹೊತ್ತಿಗೆ ಆರು ಮಣೆ ತಯಾರಾದವು. ಅವರು ಅದನ್ನು ಕಾಲ್ಮಣೆ ಎಂದು ಕರೆದರು. ಉಂಡೆ ಈಗ ಹೋಳಾಗುತ್ತಿರಲಿಲ್ಲ. ಸಂಜೆ ಐದೂವರೆಗೆ ಓಬಮ್ಮ ಎದ್ದು ನಿಂತದ್ದನ್ನು ನಾನು ಬರೆದುಕೊಳ್ಳಲು ಹೋದರೆ ಬರೆಯುವಂಥದ್ದು ಏನೂ ಇರಲಿಲ್ಲ. ಎದ್ದಳು, ಅಷ್ಟೆ.

ತೊಂದರೆ ಶುರುವಾದದ್ದು ಆರನ್ನೂ ಒಟ್ಟಿಗೆ ಸಾಲಾಗಿ ಹಾಕಿದ ದಿನ.

ಕೊಬ್ಬರಿ ಮನೆಯ ಬಾಗಿಲ ಪಕ್ಕ ಏಕಾಂತಯ್ಯನವರು ಕೂರುವ ಹಲಗೆಯ ಗದ್ದುಗೆ ಇತ್ತು. ನೆಲದಿಂದ ಒಂದು ಗೇಣು ಎತ್ತರ. ಅವರ ಅಪ್ಪನ ಕಾಲದ್ದು. ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರೆ ಆರು ಹೆಂಗಸರ ತಲೆಗಳೂ ಅವರ ಕಣ್ಣಿನ ಕೆಳಗೆ ಇರುತ್ತಿದ್ದವು. ಅಂದು ಬಂದು ಕೂತರು. ಹೆಂಗಸರು ಅವರಿಗಿಂತ ಅರ್ಧ ಗೇಣು ಮೇಲಿದ್ದರು. ಅವರು ಒಂದು ಸಲ ಎದ್ದು ಪಂಚೆ ಸರಿಮಾಡಿಕೊಂಡು ಮತ್ತೆ ಕೂತರು. ಬೆನ್ನು ನೆಟ್ಟಗೆ ಮಾಡಿ ನೋಡಿದರು. ಅರ್ಧ ಗಂಟೆಯಲ್ಲೇ ಎದ್ದುಹೋದರು.

ಸಂಜೆ ನನ್ನನ್ನು ಕರೆದು ಬಹಳ ನಯವಾಗಿ ಹೇಳಿದರು. ಮಣೆ ಚೆನ್ನಾಗಿದೆ. ಬೆನ್ನಿಗೆ ಒಳ್ಳೆಯದೆಂದು ತಮಗೂ ಗೊತ್ತು. ಕಾಲುಗಳನ್ನು ಮುಕ್ಕಾಲು ಗೇಣು ಕುಯ್ಯಿಸಿಬಿಟ್ಟರೆ ಕಾಲೇಜಿಗೆ ಬೇಕಾದ ಪತ್ರಕ್ಕೆ ಅಂದೇ ರುಜು ಹಾಕುತ್ತಾರೆ. ಇಲ್ಲದಿದ್ದರೆ ಕಷ್ಟ.

ಮುಕ್ಕಾಲು ಗೇಣು ತೆಗೆದರೆ ಉಳಿಯುವುದು ಮುಕ್ಕಾಲು ಗೇಣು. ಅಷ್ಟು ತಗ್ಗಿನಲ್ಲಿ ಕೂತು ಏಳುವುದೂ ಒಂದೇ, ನೆಲದಿಂದ ಏಳುವುದೂ ಒಂದೇ. ನಾನು ಅದನ್ನು ಲೆಕ್ಕ ಹಾಕಿ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿ ಹೇಳಿದರು, "ನಿನ್ನ ಲೆಕ್ಕ ಸರಿ ಇರಬೌದು ಮಗಾ. ನಮ್ಮಪ್ಪ ಕೂತಿದ್ದ ಜಾಗ ಇದು. ಆಳುಗಳು ನನಗಿಂತ ಮೇಲೆ ಕೂತ್ರೆ ನಾಳೆ ಊರೋರು ನನ್ನ ಏನಂತ ಕರೀತಾರೆ?"

ಕಾಲೇಜಿನ ನನ್ನ ಮಾರ್ಗದರ್ಶಕರಿಗೆ ಬರೆದೆ. ಅವರ ಉತ್ತರ ಹನ್ನೆರಡು ದಿನಕ್ಕೆ ಬಂತು. ಯಜಮಾನರನ್ನು ಎದುರು ಹಾಕಿಕೊಳ್ಳಬೇಡ, ಅಳತೆಯಲ್ಲಿ ಹೊಂದಾಣಿಕೆ ಮಾಡಿಕೊಳ್ಳುವುದೂ ವಿನ್ಯಾಸಕಾರನ ಕೆಲಸವೇ, ಜೂನ್ ಮೊದಲ ವಾರ ಪರೀಕ್ಷಕರು ಬರುತ್ತಾರೆ ಎಂದಿತ್ತು.

ನಾನು ಸೋತೆ. ಇದನ್ನೂ ಬರೆಯಲೇಬೇಕು. ಐದು ವರ್ಷದ ಓದು, ಅಪ್ಪ ಪ್ರತಿ ತಿಂಗಳು ತಮ್ಮ ಸಂಬಳದಲ್ಲಿ ಕಳಿಸಿದ್ದು ಎಲ್ಲ ಕಣ್ಣ ಮುಂದೆ ಬಂತು. ಸಂಜೆ ಬೆಟ್ಟಸ್ವಾಮಿಯ ಮನೆಗೆ ಹೋಗಿ, ನಾಳೆ ಗರಗಸ ತಗೊಂಡು ಬಾ ಎಂದೆ. ಓಬಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಬೆಟ್ಟಸ್ವಾಮಿ ಗರಗಸ ಹಿಡಿದು ಬಾಗಿಲಲ್ಲಿ ನಿಂತ. ನಾನು ಅವನ ಪಕ್ಕದಲ್ಲಿ ಟೇಪು ಹಿಡಿದು ನಿಂತೆ. ತಟ್ಟುವ ಸದ್ದು ಒಂದೊಂದಾಗಿ ನಿಂತಿತು. ಓಬಮ್ಮ ಗರಗಸ ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಗು ಕೊಳಕು ನೀರಿನಲ್ಲಿ ಕಾಲಿಟ್ಟಾಗ ತಾಯಂದಿರು ನೋಡುತ್ತಾರಲ್ಲ, ಹಾಗೆ ನೋಡಿದಳು.

"ಎಷ್ಟು ಕುಯ್ಯಬೇಕಂತೆ?"

"ಮುಕ್ಕಾಲು ಗೇಣು," ಎಂದೆ.

ಅವಳು ಇನ್ನೊಂದು ಕಾಯಿ ತೆಗೆದುಕೊಂಡು ಕೊರಡಿನ ಮೇಲಿಟ್ಟಳು.

"ಕುಯ್ಯಪ್ಪ ಬೆಟ್ಟಸ್ವಾಮಿ. ನಾನು ಹಿಂಗೇ ಕೂತಿರ್ತೀನಿ. ಮಣೆ ಕಾಲು ಯಾವ್ದು, ನನ್ನ ಕಾಲು ಯಾವ್ದು ನೋಡ್ಕಂಡು ಕುಯ್ಯಿ."

ಆರರಲ್ಲಿ ಯಾರೂ ಏಳಲಿಲ್ಲ. ಬೆಟ್ಟಸ್ವಾಮಿ ಗರಗಸವನ್ನು ಬೆಳಕಿಗೆ ಹಿಡಿದು, ಹಲ್ಲಿನ ಮೇಲೆ ಹೆಬ್ಬೆಟ್ಟು ಆಡಿಸಿ, ಈ ಮರ ಕುಯ್ದು ಕುಯ್ದು ಹಲ್ಲೆಲ್ಲ ಹೋಗಿದೆ, ಇನ್ನು ಇದು ಬೆಣ್ಣೆಯನ್ನೂ ಕುಯ್ಯುವುದಿಲ್ಲ ಎಂದು ನನಗೆ ಹೇಳಿದ. ಹಿಂದಿನ ಸಂಜೆ ನಾನು ಹೋದಾಗ ಅವನು ಅದನ್ನು ಅರದಿಂದ ಉಜ್ಜುತ್ತಿದ್ದುದನ್ನು ನಾನೇ ನೋಡಿದ್ದೆ. ಅವನು ಗರಗಸವನ್ನು ಹೆಗಲಿಗೇರಿಸಿಕೊಂಡು ಬೇಲಿಯ ಪಕ್ಕ ಹೋಗಿ ಬೀಡಿ ಹಚ್ಚಿದ.

ಅಷ್ಟರಲ್ಲಿ ಏಕಾಂತಯ್ಯನವರು ಬಂದರು.

"ಓಬಮ್ಮ, ಏಳೇ."

"ಏಳ್ತೀನಿ ಯಜಮಾನ್ರೆ. ಸಂಜೆಗೆ."

"ನನ್ನ ಮನೇಲಿ ನನ್ನ ಮಾತು ನಡೀದಂಗೆ ಮಾಡ್ತೀಯಾ? ಆ ಮರ ನಂದು."

ಓಬಮ್ಮ ತನ್ನ ಕತ್ತಿಯನ್ನು ಎತ್ತಿ ಹಿಡಿದಳು. ಹೆದರಿಸಲು ಅಲ್ಲ, ತೋರಿಸಲು. ಆ ಕೊಬ್ಬರಿ ಮನೆಯಲ್ಲಿ ಒಂದು ರೂಢಿಯಿತ್ತು. ಒಡೆಯುವ ಕತ್ತಿ ಹೆಂಗಸರದ್ದು. ಅವರೇ ಮನೆಯಿಂದ ತರುತ್ತಿದ್ದರು, ಸಂಜೆ ಸೆರಗಿನಲ್ಲಿ ಸುತ್ತಿ ಒಯ್ಯುತ್ತಿದ್ದರು. ಯಜಮಾನ ಅದನ್ನು ಮುಟ್ಟುವಂತಿಲ್ಲ. ಹೆಂಗಸರು ಮರೆತು ಬಿಟ್ಟುಹೋಗಿದ್ದರೂ ಏಕಾಂತಯ್ಯನವರು ಅದನ್ನು ಎತ್ತಿಡುತ್ತಿರಲಿಲ್ಲ, ಹೇಳಿ ಕಳಿಸುತ್ತಿದ್ದರು.

"ಇದನ್ನ ನೀವು ಯಾವತ್ತಾದ್ರೂ ಮುಟ್ಟಿದ್ದೀರಾ?" ಎಂದಳು. "ಇಲ್ಲ. ನಿಮ್ಮಪ್ಪನೂ ಮುಟ್ಟಿಲ್ಲ. ಕತ್ತಿ ನಮ್ದು ಅಂದ್ಮೇಲೆ ಮಣೆನೂ ನಮ್ದು. ಮರ ಎಳ್ಕಂಡೋದೋರ್ದು ಅಂತ ನೀವೇ ಅಂದ್ರಿ, ನಾವು ಎಳ್ಕಂಡು ಬಂದ್ವಿ. ಹಗ್ಗ ನಾನು ಹೊಸೆದೆ. ಇದ್ರಲ್ಲಿ ನಿಮ್ದು ಯಾವುದೈತೆ ತೋರ್ಸಿ, ಅದೊಂದನ್ನ ಕುಯ್ಕಳಿ."

ಏಕಾಂತಯ್ಯನವರು ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ ಸುವರ್ಣ. ಓದಿರೋಳು. ಇವು ಯಾರ್ದು?"

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಯಾರಿಗಾಗಿ ಎಂಬ ಜಾಗದ ಎದುರು ನಾನೇ ನನ್ನ ಕೈಯಾರೆ ಏಕಾಂತಯ್ಯನವರ ಹೆಸರು ಬರೆದಿದ್ದೆ. ಮಣೆಗಳನ್ನು ಆ ಮನೆಯ ಸಾಮಾನು ಎಂದುಕೊಂಡಿದ್ದೆ, ಅಟ್ಟದ ಹಾಗೆ, ಗದ್ದುಗೆಯ ಹಾಗೆ. ಮೂರು ತಿಂಗಳು ಹೆಂಗಸರ ನಡುವೆ ಕೂತು ಕತ್ತಿಯ ವಿಷಯ ಕಣ್ಣಾರೆ ನೋಡಿದ್ದರೂ, ಅವರು ಕೂರುವ ಜಾಗ ಅವರದ್ದು ಎಂದು ನನಗೆ ಹೊಳೆದಿರಲಿಲ್ಲ.

"ಅವರದ್ದು," ಎಂದೆ.

"ಹಂಗಾದ್ರೆ ಪತ್ರ ಇಲ್ಲ."

"ಬೇಡ."

ಆ ಮಾತು ನನ್ನ ಬಾಯಿಂದ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ಟೇಪು ಸರ್ರೆಂದು ತಾನಾಗಿ ಸುತ್ತಿಕೊಂಡಿತು. ಭೂತಮ್ಮ ಫಕ್ಕನೆ ನಕ್ಕುಬಿಟ್ಟಳು.

ನಾಳೆಯಿಂದ ಯಾರೂ ಬರಬೇಡಿ ಎಂದು ಹೇಳಿ ಏಕಾಂತಯ್ಯನವರು ಹೊರಟರು. ನಾಳೆಯ ಮಾತು ನಾಳೆಗಿರಲಿ, ಸುಲಿದಿರುವ ಕಾಯಿ ಮುಗಿಯಲಿ ಎಂದು ಓಬಮ್ಮ ತಟ್ಟಲು ಶುರುಮಾಡಿದಳು. ಸಂಜೆ ಆರು ಜನರೂ ತಮ್ಮ ತಮ್ಮ ಕಾಲ್ಮಣೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟರು. ಕೊರಡು ಸೇರಿ ಅದು ಭಾರವಿತ್ತು. ಕಾಲು ಮೇಲಾಗಿ ಆರು ಮಣೆಗಳು ಅರಳಗುಪ್ಪೆಯ ರಸ್ತೆಯಲ್ಲಿ ಸಾಲಾಗಿ ಹೋದದ್ದನ್ನು ಊರೆಲ್ಲ ನೋಡಿತು. ಕೆಲವರು ನಕ್ಕರು. ಭೂತಮ್ಮ ನಕ್ಕವರನ್ನೆಲ್ಲ ಹೆಸರು ಹಿಡಿದು ಕರೆದು, ನಿಮ್ಮ ಮನೆಗೂ ಒಂದು ಬೇಕೇನು ಎಂದು ಕೇಳುತ್ತಾ ಹೋದಳಂತೆ.

ಮಾರನೆಯ ದಿನ ಬೆಳಿಗ್ಗೆ ಅವರು ಎಂದಿನ ಹೊತ್ತಿಗೆ ಬಂದರು, ಮಣೆ ಹೊತ್ತುಕೊಂಡೇ. ಕೊಬ್ಬರಿ ಮನೆಗೆ ಬೀಗ ಹಾಕಿತ್ತು. ಏಕಾಂತಯ್ಯನವರು ತೋಟಕ್ಕೆ ಹೋಗಿದ್ದರು. ನಾನು ಜಗುಲಿಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಹೊಂಬಾಳಮ್ಮ ಒಳಗಿನಿಂದ ಬಂದು ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದರು. ಯಾರೂ ಏನೂ ಕೇಳದಿದ್ದರೂ, ಕಸ ಗುಡಿಸಬೇಕಿತ್ತು ಎಂದು ಹೇಳಿ ಒಳಗೆ ಹೋದರು. ಕಸ ಗುಡಿಸಲಿಲ್ಲ.

ಏಕಾಂತಯ್ಯನವರು ಮಧ್ಯಾಹ್ನ ಬಂದು ನೋಡಿದರು. ತಟ್ಟುವ ಸದ್ದು ದೂರದಿಂದಲೇ ಕೇಳಿರಬೇಕು. ಬಾಗಿಲಿನಿಂದಲೇ ತಿರುಗಿ ಮತ್ತೆ ತೋಟಕ್ಕೆ ಹೋದರು. ಮೂರು ದಿನ ಗದ್ದುಗೆಯ ಮೇಲೆ ಕೂರಲೇ ಇಲ್ಲ. ನಾಲ್ಕನೆಯ ದಿನ ನಾವು ಹೋಗಿ ನೋಡಿದರೆ ಗದ್ದುಗೆಯ ನಾಲ್ಕು ಮೂಲೆಗೂ ಸೈಜುಗಲ್ಲು ಕೊಟ್ಟು ಎತ್ತರಿಸಿದ್ದರು. ಕಲ್ಲು ಕೂರಿಸಿದ ಗಾರೆಯವನಿಗೆ ಎಷ್ಟು ಎತ್ತರ ಎಂದು ಹೇಳುವಾಗ ಸಿಟ್ಟಿನಲ್ಲಿದ್ದರೋ ಏನೋ, ಅದು ಮೂರು ಗೇಣಿನಷ್ಟಾಗಿತ್ತು. ಏಕಾಂತಯ್ಯನವರು ಹತ್ತಿ ಕೂತರು. ಈಗ ಅವರು ಎಲ್ಲರಿಗಿಂತ ಮೇಲಿದ್ದರು. ಚಕ್ಕಂಬಕ್ಕಳ ಹಾಕಿ ಬೇಸರವಾದಾಗ ಕಾಲು ಇಳಿಬಿಟ್ಟರೆ ಅವು ನೆಲಕ್ಕೆ ತಾಕುತ್ತಿರಲಿಲ್ಲ.

ಹೆಂಗಸರು ತಲೆ ಬಗ್ಗಿಸಿ ಕೆಲಸ ಮಾಡಿದರು. ಹೊರಗೆ ಹೋದ ಮೇಲೆ ಬೇಲಿಯ ಹಿಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕೂತ್ಕಳ್ಳಿ ಬುಡೇ," ಎಂದಳು ಓಬಮ್ಮ ನಗು ನಿಂತ ಮೇಲೆ. "ಅವ್ರು ಅಟ್ಟದ ಮೇಲೇ ಕೂತ್ಕಳ್ಳಿ. ನಾವು ಇಳಿಯಲ್ಲ, ಅಷ್ಟೆ."

ಮರುದಿನ ಗದ್ದುಗೆಯ ಕೆಳಗೆ, ಅವರ ಕಾಲು ಬರುವ ಜಾಗದಲ್ಲಿ, ನಾರು ತುಂಬಿ ಹೊಲಿದ ಒಂದು ಗೋಣಿಚೀಲದ ದಿಂಡು ಇತ್ತು. ಯಾರು ಇಟ್ಟರೆಂದು ಯಾರೂ ಹೇಳಲಿಲ್ಲ. ನಾನು ಒತ್ತಾಯ ಮಾಡಿದ ಮೇಲೆ ಓಬಮ್ಮ, ಕಾಲು ನೇತಾಡಿದರೆ ಮಂಡಿ ಹಿಡಿದುಕೊಳ್ಳುತ್ತದೆ, ವಯಸ್ಸಾದವರು ಎಂದಳು. ಏಕಾಂತಯ್ಯನವರು ಅದನ್ನು ಎರಡು ದಿನ ಪಕ್ಕಕ್ಕೆ ತಳ್ಳಿದರು. ಮೂರನೆಯ ದಿನ ಅದರ ಮೇಲೆ ಕಾಲಿಟ್ಟರು.

ನಾನು ಹೊರಡುವ ಹಿಂದಿನ ದಿನ ಅವರು ನನ್ನನ್ನು ಕರೆದು ಒಂದು ಕಾಗದ ಕೊಟ್ಟರು. ಒಪ್ಪಿಗೆ ಪತ್ರ. ಚೆಂದದ ಅಕ್ಷರದಲ್ಲಿ ಬರೆಸಿ, ರುಜು ಹಾಕಿ, ದಿನಾಂಕವನ್ನೂ ಹಾಕಿದ್ದರು.  ಆಮೇಲೆ ಕೊನೆಯ ಸಾಲು ಓದಿದೆ. ಕೆಲಸದವರ ಮಣೆಯು ಯಾವ ಕಾಲಕ್ಕೂ ಯಜಮಾನರ ಆಸನಕ್ಕಿಂತ ತಗ್ಗಿನಲ್ಲಿ ಇರತಕ್ಕದ್ದು ಎಂಬ ಷರತ್ತಿಗೆ ಒಳಪಟ್ಟು ಒಪ್ಪಿದ್ದೇನೆ.

ಆ ಸಾಲಿನಿಂದ ಯಾರಿಗೂ ಏನೂ ನಷ್ಟವಿರಲಿಲ್ಲ. ಗದ್ದುಗೆ ಈಗಾಗಲೇ ಎತ್ತರದಲ್ಲಿತ್ತು. ಓಬಮ್ಮನಿಗೆ ಓದಲು ಬರುತ್ತಿರಲಿಲ್ಲ. ಕಾಲೇಜಿನವರಿಗೆ ಕನ್ನಡ ಬರುತ್ತಿರಲಿಲ್ಲ. ಆ ಸಾಲನ್ನು ನಾನು ಅನುವಾದ ಮಾಡದೆ ಬಿಟ್ಟುಬಿಟ್ಟಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ನಿಮಿಷ ಹಾಗೆಯೇ ಮಾಡೋಣ ಎನಿಸಿತು. ಕಾಗದವನ್ನು ಮಡಿಸಿ ಅವರ ಕೈಗೆ ವಾಪಸು ಕೊಟ್ಟೆ. ಆ ಸಾಲು ತೆಗೆದರೆ ತಗೊಳ್ತೀನಿ ಎಂದೆ. ಅವರು ತೆಗೆಯಲಿಲ್ಲ. ಮರುದಿನ ಬಸ್ಸಿಗೆ ಮಾತ್ರ ಕೊಡೆ ಹಿಡಿದು ಬಂದರು, ಟ್ರಂಕನ್ನು ತಾವೇ ಮೇಲಕ್ಕೆ ಕೊಟ್ಟರು. ಓಬಮ್ಮ ತನ್ನದೇ ಕಾಲ್ಮಣೆಯನ್ನು ನನ್ನ ಕೈಗಿಟ್ಟು, ಬೆಟ್ಟಸ್ವಾಮಿ ನಂಗೆ ಇನ್ನೊಂದು ಮಾಡ್ತಾನೆ ಎಂದಳು. ಒಂದು ಚೀಲದಲ್ಲಿ ಇಪ್ಪತ್ತು ಒಣಗಿದ ಕಾಯಿ, ಒಂದು ಕತ್ತಿ. "ನೋಡೋರಿಗೆ ಬಾಯಲ್ಲಿ ಏನೂ ಹೇಳ್ಬೇಡ. ಕೂರ್ಸು ಅವ್ರನ್ನ."

ಪರೀಕ್ಷೆಯ ದಿನ ಕೋಣೆಯಲ್ಲಿ ಮೂವರಿದ್ದರು. ಅಧ್ಯಕ್ಷರು ಒಂದು ದೊಡ್ಡ ಕಾರ್ಖಾನೆಯಿಂದ ಬಂದವರು, ಇಸ್ತ್ರಿ ಮಾಡಿದ ಪ್ಯಾಂಟು. ಇನ್ನೊಬ್ಬರು ನನ್ನ ಮಾರ್ಗದರ್ಶಕರು. ಮೂರನೆಯವರು ಕುಂಬಾರಿಕೆ ಕಲಿಸುವ ವಯಸ್ಸಾದ ಮೇಡಂ. ಮಾತೆಲ್ಲ ಇಂಗ್ಲಿಷಿನಲ್ಲಿ. ಪತ್ರವೆಲ್ಲಿ ಎಂದು ಅಧ್ಯಕ್ಷರು ಕೇಳಿದರು. ಇಲ್ಲ ಎಂದೆ. ಯಾಕೆಂದು ಹೇಳಿದೆ, ಆ ಸಾಲನ್ನೂ ಹೇಳಿದೆ. ಒಂದು ಸಾಲಿಗಾಗಿ ಪದವಿ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ ಎಂದರು ಅವರು. ಆ ಸಾಲು ಸೇರಿದರೆ ನಾನು ಮಾಡಿದ್ದು ಕೂರುವ ಮಣೆ ಆಗುವುದಿಲ್ಲ, ಹೆಂಗಸರು ಎಷ್ಟು ಕೆಳಗಿರಬೇಕು ಎಂದು ತೋರಿಸುವ ಅಳತೆಗೋಲು ಆಗುತ್ತದೆ ಎಂದೆ. ನನ್ನ ಮಾರ್ಗದರ್ಶಕರು ಕಿಟಕಿಯ ಕಡೆ ನೋಡಿದರು.

ಅಧ್ಯಕ್ಷರು ಫೈಲು ಮುಚ್ಚಲು ಹೋದರು.

ನಾನು ಚೀಲದಿಂದ ಕಾಯಿಗಳನ್ನು ತೆಗೆದು ನೆಲದ ಮೇಲೆ ಹತ್ತು ಹತ್ತರ ಎರಡು ಗುಡ್ಡೆ ಮಾಡಿದೆ. ಮೊದಲ ಹತ್ತು ನೆಲದ ಮೇಲೆ ಕೂತು ಒಡೆಯಿರಿ, ಉಳಿದ ಹತ್ತು ಮಣೆಯ ಮೇಲೆ ಕೂತು ಒಡೆಯಿರಿ ಎಂದೆ. ಆಮೇಲೆ ಬೇಕಾದರೆ ಸೊನ್ನೆ ಹಾಕಿ. ಕೂತು ನೋಡದೆ ಹಾಕಿದ ಅಂಕ, ನೂರಾದರೂ, ನನಗೆ ಬೇಡ.

 ಕುಂಬಾರಿಕೆಯ ಮೇಡಂ ಮೊದಲು ಎದ್ದರು. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ನನ್ನನ್ನು ಏನೂ ಕೇಳದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ನಾಲ್ಕು ಕಾಯಿ ಒಡೆದರು, ನಾಲ್ಕೂ ಹೋಳು. ಐದನೆಯದಕ್ಕೆ ಸೊಂಟ ಹಿಡಿದುಕೊಂಡು ನಿಲ್ಲಿಸಿದರು. ಏಳುವಾಗ ನಾನು ಕೈ ಕೊಟ್ಟೆ. ಅವರು ಅಧ್ಯಕ್ಷರಿಗೆ ಹೇಳಿದ್ದು ಒಂದೇ ಮಾತು, "ಈಗ ನೀವು."

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಬಂದು ಕಾಲ್ಮಣೆಯನ್ನು ತಮಗೇ ಮೀಸಲಿಟ್ಟ ಆಸನವೆಂಬಂತೆ ಕಾಲಿನಿಂದ ಎಳೆದುಕೊಂಡು ಕೂರಲು ಹೋದರು.

ನಾನು ಅದನ್ನು ಹಿಂದಕ್ಕೆ ಎಳೆದೆ.

"ಮೊದಲು ನೆಲ, ಸಾರ್," ಎಂದೆ.

ಅವರು ನನ್ನನ್ನು ನೋಡಿದರು. ನಾನು ಮಣೆಯ ಕಾಲು ಬಿಡಲಿಲ್ಲ. ಪದವಿ ಈ ಕೋಣೆಯಲ್ಲೇ ಹೋಗುವುದಾದರೆ ಹೋಗಲಿ ಎಂದು ಆ ಹೊತ್ತಿಗೆ ನಾನು ತೀರ್ಮಾನಿಸಿಯಾಗಿತ್ತು. 

ಕೊನೆಗೆ ಅವರು ಪ್ಯಾಂಟಿನ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಳಗೆ ಕೂತರು. ನಾನು ಕತ್ತಿಯನ್ನು ಹಿಡಿ ಮುಂದಾಗಿ ಅವರಿಗೆ ಕೊಟ್ಟೆ.